ಒಂದು ಸೂಜಿಮದ್ದಿನ ಜಮಾಖರ್ಚು
(ಸಂಘದ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಬಿ.ಕಾಂ. ಓದಿದವನಿಗೆ ಮದ್ದಿನ ಮಾತೇಕೆಂದು ತಾವು ಕೇಳಬಹುದು. ನನ್ನ ಅಜ್ಞಾನದಿಂದ ನನ್ನ ಮನೆಯಲ್ಲಿಯೇ ಒಂದು ಅನಾಹುತವಾಗಬಹುದಿತ್ತು, ಅದೇ ಕಾರಣ.

ನನ್ನ ಮಡದಿಯ ಚೊಚ್ಚಲ ಹೆರಿಗೆಯ ರಾತ್ರಿ. ನೋವು ಬಂದು ಬಂದು ಹೋಗುತ್ತಿತ್ತು. ಊರಿನಿಂದ ಬಂದಿದ್ದ ಅತ್ತೆಯವರು, "ನೋವು ಬರುವ ಸೂಜಿ ಹಾಕಿಸಬಾರದೆ, ಅಳಿಯಂದಿರೇ?" ಎಂದರು. ನಾನು ಹೋಗಿ ಡಾಕ್ಟರಮ್ಮನವರನ್ನು ಒತ್ತಾಯಿಸಿದೆ. ಅವರು, "ಈಗ ಅದರ ಅಗತ್ಯವಿಲ್ಲ, ಹೊರಗೆ ಕುಳಿತಿರಿ" ಎಂದುಬಿಟ್ಟರು. ನನಗೆ ಕೋಪವೇ ಬಂತು. ಬೆಳಗಿನ ಜಾವ ಮಗಳು ಹುಟ್ಟಿದಳು. ಕೂಡಲೆ ಅದೇ ಮದ್ದನ್ನು, ಯಾರೂ ಕೇಳದೆಯೇ, ಮಡದಿಯ ತೊಡೆಗೆ ಚುಚ್ಚಿದರಂತೆ. ರಾತ್ರಿ ಬೇಡವಾದದ್ದು ಬೆಳಗ್ಗೆ ಬೇಕಾದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

ಆ ಮದ್ದು ಆಕ್ಸಿಟೋಸಿನ್. ಅದೊಂದು ಪೆಪ್ಟೈಡ್, ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಇನ್ಸುಲಿನ್ನಿನಲ್ಲಿ 51 ಮಣಿಗಳಿದ್ದರೆ ಇದರಲ್ಲಿ ಒಂಬತ್ತೇ. ನಮ್ಮ ಮಿದುಳಿನಲ್ಲಿಯೇ ಹುಟ್ಟಿ, ಗರ್ಭಕೋಶವನ್ನು ಹಿಂಡುವುದೂ ಎದೆಹಾಲನ್ನು ಇಳಿಸುವುದೂ ಇದರ ಕೆಲಸ. ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಎಂಬವರು 1953ರಲ್ಲಿ ಇದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಇಂಥ ಸರವನ್ನು ನುಂಗಿದರೆ ಹೊಟ್ಟೆಯಲ್ಲಿ ಅನ್ನದಂತೆಯೇ ಅರಗಿ ಹೋಗುತ್ತದೆ. ಪೆಪ್ಟೈಡು ಮದ್ದುಗಳಲ್ಲಿ ಹೆಚ್ಚಿನವು ಸೂಜಿಯ ಮೂಲಕವೇ ಬರುವುದು ಇದರಿಂದಾಗಿ.

ಇನ್ನು ಜಮೆ ನೋಡೋಣ. ಕೂಸು ಹೊರಬಂದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಳ್ಳಬೇಕು. ಇಲ್ಲವಾದರೆ ರಕ್ತ ಹರಿದು ತಾಯಿಯ ಜೀವಕ್ಕೇ ಸಂಚಕಾರ. ಆಗ ಹತ್ತು ಯೂನಿಟ್ ಆಕ್ಸಿಟೋಸಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಖರ್ಚಿನ ಬದಿ ಹೀಗಿದೆ: ಕೂಸು ಇನ್ನೂ ಒಳಗಿರುವಾಗ ಅಳತೆ ಮೀರಿದರೆ ಗರ್ಭಕೋಶಕ್ಕೆ ಬಿಡುವೇ ಸಿಗದು, ಕೂಸಿಗೆ ಪ್ರಾಣವಾಯು ಸಾಲದು, ಗರ್ಭಕೋಶ ಒಡೆಯಲೂಬಹುದು. ಹೆರಿಗೆಯ ಮುಂಚೆ ಕೊಡಬೇಕಾಗಿ ಬಂದರೆ ಡ್ರಿಪ್ಪಿನಲ್ಲಿ ಹನಿಹನಿಯಾಗಿ, ಕೂಸಿನ ಎದೆಬಡಿತ ನೋಡುತ್ತ ಕೊಡುತ್ತಾರೆ. ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಸೆಖೆಯಲ್ಲಿ ಅದರ ಕಸುವು ಹೋಗುತ್ತದೆ.

ಆರೇ ಕಾಲೊನಿಯ ಮಗ್ಗುಲಲ್ಲಿರುವ ನಮಗೆ ಎಮ್ಮೆಯ ಮಾತು ಹೊಸದಲ್ಲ. ಇದೇ ಮದ್ದನ್ನು ಎಮ್ಮೆಗೆ ಚುಚ್ಚಿ ಹಾಲಿಳಿಸುವ ದುರಭ್ಯಾಸ ದೇಶದ ಹಲವೆಡೆ ಬೆಳೆದಿತ್ತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾನೂನು, ಹಾಲಿಗಾಗಿ ಆರೋಗ್ಯ ಕೆಡಿಸುವ ಸೂಜಿ ಹಾಕುವುದನ್ನು ಅಪರಾಧವೆನ್ನುತ್ತದೆ. ಆದರೂ ಅದು ನಿಲ್ಲಲಿಲ್ಲವೆಂದು 2018ರಲ್ಲಿ ಕೇಂದ್ರ ಸರಕಾರ ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಇದನ್ನು ತಯಾರಿಸಬಾರದೆಂದು ಆಜ್ಞೆ ಮಾಡಿತು. ಆ ಭಾರವನ್ನೆಲ್ಲ ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಎಂಬ ಸರಕಾರಿ ಕಂಪನಿಯೊಂದರ ಮೇಲೆ ಹೊರಿಸಿತು. ಒಂದೇ ಕಡೆಯಿಂದ ದೇಶದ ತಾಯಂದಿರಿಗೆಲ್ಲ ಮದ್ದು ಸಾಲದೆ ಹೋದರೆ? ಅದೇ ವರ್ಷದ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. ಎಮ್ಮೆಯನ್ನು ಕಾಯಬೇಕು, ನಿಜ. ಅದಕ್ಕಾಗಿ ಬಾಣಂತಿಯ ಮದ್ದಿಗೆ ಕೊರತೆ ಬರಬಾರದು.

ಈಗ ಪೇಟೆಯಲ್ಲಿ ಹೊಸ ಪೆಪ್ಟೈಡುಗಳ ಮಾತೇ ಮಾತು. ಮೈಯಿಳಿಸುವ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಸೂಜಿಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದವು. ಸಕ್ಕರೆ ಕಾಯಿಲೆಯವರಿಗೆ, ಅತಿ ಬೊಜ್ಜಿನವರಿಗೆ ಅವುಗಳಿಂದ ಉಪಕಾರವಿದೆ. ವಾಕರಿಕೆ, ವಾಂತಿಯೂ ಇವೆ. ಅಪರೂಪಕ್ಕೆ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಒಳಗಾಗುತ್ತದೆ. ಬಸುರಿಯರಿಗಂತೂ ಅವು ಸಲ್ಲವು. ಮದುವೆಗೆ ಮುನ್ನ ತೆಳ್ಳಗಾಗಬೇಕೆಂದು ಚೀಟಿಯಿಲ್ಲದೆ ಎಲ್ಲಿಂದಲೋ ತರಿಸಿ ಚುಚ್ಚಿಕೊಳ್ಳುವುದು, ಅಂದು ನಾನು ಮಾಡಹೊರಟಿದ್ದ ತಪ್ಪೇ.

ನಮ್ಮ ಬ್ಯಾಂಕಿನಲ್ಲಿ ಸಹಿ ತಾಳೆಯಾಗದ ಚೆಕ್ಕಿಗೆ ಹಣ ಕೊಡುವುದಿಲ್ಲ. ಗಿರಾಕಿ ಎಷ್ಟು ಅವಸರಪಟ್ಟರೂ ಕೊಡುವುದಿಲ್ಲ. ಡಾಕ್ಟರಮ್ಮನವರು ಆ ರಾತ್ರಿ ಮಾಡಿದ್ದೂ ಅಷ್ಟೇ. ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ. ಅವಳನ್ನು ನೋಡಿದಾಗಲೆಲ್ಲ, ನನ್ನ ಮಾತು ಅಂದು ನಡೆಯದೆ ಹೋದದ್ದೇ ಒಳ್ಳೆಯದಾಯಿತೆಂದು ಅನಿಸುತ್ತದೆ.