ದುಡಿದವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು

ಇಂದು ಕಾನೂನು ಪದವಿ ಪಡೆಯುತ್ತಿರುವ ಮಕ್ಕಳೇ,

 

ನನ್ನ ವಕೀಲಿಕೆಯೆಲ್ಲ ಕೂಲಿ ಬಾಕಿ, ಪಿಂಚಣಿ, ಪರಿಹಾರದ ಕೇಸುಗಳಲ್ಲೇ ಕಳೆಯಿತು. ಆ ದಾರಿಯಲ್ಲಿ ಎರಡನೇ ಮಹಾಯುದ್ಧದ ಕೈದಿಗಳು ಹೂಡಿದ ದಾವೆಗಳ ತೀರ್ಪುಗಳು ಕೈಗೆ ಸಿಕ್ಕವು. ಓದಿದ ಮೇಲೆ ಅವು ನನ್ನನ್ನು ಬಿಟ್ಟಿಲ್ಲ. ಲೆಸ್ಟರ್ ಟೆನ್ನಿ ಎಂಬ ಅಮೆರಿಕದ ಸೈನಿಕ 1942ರಲ್ಲಿ ಫಿಲಿಪ್ಪೀನ್ಸಿನ ಬಟಾನ್‌ನಲ್ಲಿ ಜಪಾನೀಯರಿಗೆ ಸೆರೆಯಾದರು. ಜಪಾನಿನ ಒಮುತಾದಲ್ಲಿ, ಮಿತ್ಸುಯಿ ಕಂಪನಿಯ ಕಲ್ಲಿದ್ದಲ ಗಣಿಯೊಳಗೆ, ಅವರನ್ನು ಬಲವಂತವಾಗಿ ದುಡಿಸಿದರು. 1999ರಲ್ಲಿ ಕ್ಯಾಲಿಫೋರ್ನಿಯಾ ಕಾಯ್ದೆ ತಂದು ಇಂಥವರಿಗೆ 2010ರ ತನಕ ದಾವೆ ಹೂಡಲು ಅವಕಾಶ ಕೊಟ್ಟಿತು. ಟೆನ್ನಿ ಹೂಡಿದರು. 2000ದ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ವಾನ್ ವಾಕರ್ ಇಂಥ ಕೈದಿಗಳ ದಾವೆಗಳನ್ನು ವಜಾ ಮಾಡಿದರು. ಕೈದಿಗಳು ಪಟ್ಟ ಕಷ್ಟ ಸುಳ್ಳೆಂದು ಯಾರೂ ಹೇಳಲಿಲ್ಲ. ಆದರೆ ಜಪಾನಿನೊಂದಿಗಿನ 1951ರ ಶಾಂತಿ ಒಪ್ಪಂದದ 14ನೇ ವಿಧಿಯಲ್ಲಿ ಅಮೆರಿಕ ತನ್ನ ಪ್ರಜೆಗಳ ಹಕ್ಕನ್ನೂ ಸೇರಿಸಿ ಬಿಟ್ಟುಕೊಟ್ಟಾಗಿತ್ತು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಕ್ಯಾಲಿಫೋರ್ನಿಯಾದ ಆ ಕಾಯ್ದೆಯನ್ನೇ ಅಸಿಂಧುಗೊಳಿಸಿತು.

ಗಣಿಯಲ್ಲಿ ಬೆನ್ನು ಮುರಿದುಕೊಂಡವನನ್ನು ಕೇಳದೆ ಅವನ ಹಕ್ಕಿಗೆ ಇನ್ನೊಬ್ಬರು ಸಹಿ ಹಾಕಬಹುದೇ? ಕಾನೂನು ಹೌದೆನ್ನುತ್ತದೆ. ನನ್ನ ಮನಸ್ಸು ಇವತ್ತಿಗೂ ಒಪ್ಪಿಲ್ಲ.

ಇದು ಪರದೇಶದ ಕಥೆ ಎಂದುಕೊಳ್ಳಬೇಡಿ. 1942ರ ಫೆಬ್ರವರಿಯಲ್ಲಿ ಸಿಂಗಪುರದಲ್ಲಿ ಸೆರೆಯಾದ ಸಾವಿರಾರು ಭಾರತೀಯ ಸೈನಿಕರ ಜೊತೆ ಮೈಸೂರು ಸಂಸ್ಥಾನದ ಪದಾತಿ ದಳವೂ ಇತ್ತು. ಆಜಾದ್ ಹಿಂದ್ ಫೌಜ್ ಸೇರದ ಅನೇಕರನ್ನು ಜಪಾನೀಯರು ಹಡಗಿಗೆ ತುಂಬಿ ನ್ಯೂಗಿನಿಯ ಕಡೆಗೆ ಕೂಲಿಗೆ ಒಯ್ದರು. 1952ರ ಜೂನ್ 9ರಂದು ಭಾರತ ಜಪಾನಿನೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು, ಯುದ್ಧ ಪರಿಹಾರದ ಜೊತೆಗೆ ತನ್ನ ಪ್ರಜೆಗಳ ಹಕ್ಕುಗಳನ್ನೂ ಕೈಬಿಟ್ಟಿತು. 2000ದಲ್ಲಿ ಬ್ರಿಟನ್ ಜಪಾನಿನ ಸೆರೆಯಿಂದ ಬದುಕುಳಿದ ತನ್ನವರಿಗೆ ತಲಾ 10,000 ಪೌಂಡ್ ಘೋಷಿಸಿತು. ಅದೇ ಸೆರೆ ಅನುಭವಿಸಿದ ಗೂರ್ಖಾಗಳನ್ನು, ಆಗ ಭಾರತೀಯ ಸೇನೆಯಲ್ಲಿದ್ದರೆಂದು, ಹೊರಗಿಟ್ಟಿತು. ಲಂಡನ್ನಿನ ಹೈಕೋರ್ಟು ಅದು ಸರಿಯಲ್ಲವೆಂದದ್ದು 2002ರಲ್ಲಿ.

ಇಷ್ಟು ತಡವಾಗಿ ಬಂದ ನ್ಯಾಯ ಕಂಡಾಗ, ವಕೀಲಿಕೆಯಲ್ಲಿ ನಮ್ಮ ಸೀನಿಯರ್ ಆಗಿದ್ದವರು ನೆನಪಾಗುತ್ತಾರೆ. ಧಾರವಾಡದವರು. ಹತ್ತಿ ಗಿರಣಿಯ ಕೆಲಸಗಾರ ಬಂದು ಅಳತೊಡಗಿದರೆ ಮೊದಲು ನೀರು ಕೊಡಿಸುತ್ತಿದ್ದರು. ಆಮೇಲೆ ಶುರು: ದಿನದ ಪಗಾರ ಎಷ್ಟು? ಹಾಜರಿ ಯಾರು ಹಾಕುತ್ತಿದ್ದರು? ಮುಕಾದಮ ಯಾರು? ಪಕ್ಕದಲ್ಲಿ ದುಡಿದವರ ಹೆಸರೇನು? ಸಂಜೆ ಏಳಾದರೂ ಬಿಡುತ್ತಿರಲಿಲ್ಲ. ನಾವು ಕಿರಿಯರು ಗಡಿಯಾರ ನೋಡಿದರೆ ಹೇಳುತ್ತಿದ್ದರು: "ಅವ ಇರೂತನಕ ಬರಕೋ. ಅವ ಹ್ವಾದಮ್ಯಾಲೆ ಕಾಯ್ದೆ ಬಂದ್ರ ಯಾರಿಗೆ ಕೊಡಸ್ತಿ?"

ಜರ್ಮನಿಯಲ್ಲಿ ಹಾಗೆಯೇ ಆಯಿತು. ಬಲವಂತದ ದುಡಿಮೆಗೆ ಒಳಗಾದವರಿಗೆಂದು 2000ದಲ್ಲಿ ಸರ್ಕಾರ ಮತ್ತು ಕಂಪನಿಗಳು ಸೇರಿ 1,000 ಕೋಟಿ ಮಾರ್ಕ್‌ಗಳ ಪ್ರತಿಷ್ಠಾನ ಕಟ್ಟಿದವು. ಯುದ್ಧಕೈದಿ ಎಂಬ ಕಾರಣಕ್ಕೆ ಮಾತ್ರ ಯಾರಿಗೂ ಅದರಲ್ಲಿ ಪಾಲಿರಲಿಲ್ಲ. ಸೋವಿಯತ್ ಕೈದಿಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ಜರ್ಮನರ ಸೆರೆಯಲ್ಲೇ ಸತ್ತಿದ್ದರು. ಉಳಿದವರಿಗೆ ತಲಾ 2,500 ಯೂರೊ ಕೊಡಲು ಅಲ್ಲಿನ ಸಂಸತ್ತು ಒಪ್ಪಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಪಡೆಯಲು ಎಷ್ಟು ಜನ ಉಳಿದಿದ್ದರು?

ನಿಮ್ಮ ಮೇಲೆ ನನಗೊಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಹೆಡ್‌ನೋಟ್ ಓದಿ ತೀರ್ಪು ಓದಿದೆವು ಎನ್ನುತ್ತೀರಿ. ಟೆನ್ನಿಯವರ ಬದುಕನ್ನು ನಿರ್ಧರಿಸಿದ ಸಾಲು ಒಪ್ಪಂದದ ಉಪವಿಧಿಯೊಂದರಲ್ಲಿತ್ತು. ಉಪವಿಧಿ ಓದಿ, ಅನುಬಂಧ ಓದಿ, ಕಾಗದದಲ್ಲಿ ಓದಿ.

ನಿಮ್ಮೂರಲ್ಲಿ ಆ ಯುದ್ಧಕ್ಕೆ ಹೋದವರ ಮನೆಗಳಿದ್ದರೆ ಈ ರಜೆಯಲ್ಲೇ ಹೋಗಿ. ಡಿಸ್ಚಾರ್ಜ್ ಪುಸ್ತಕ, ಹಳೆಯ ಪತ್ರ, ಫೋಟೊ ಏನಿದ್ದರೂ ನಕಲು ತೆಗೆದು, ಮೂಲವನ್ನು ಮನೆಯವರಿಗೇ ಕೊಡಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ. ಸೈನಿಕರ ವಿಧವೆಯರಿಂದ ಫೀ ತೆಗೆದುಕೊಳ್ಳಬೇಡಿ, ಟೈಪಿಂಗ್ ಖರ್ಚು ಸಾಕು.

ನಿಮ್ಮಲ್ಲಿ ಹಲವರಿಗೆ ಮೊದಲ ಕಕ್ಷಿದಾರ ಇಟ್ಟಿಗೆ ಭಟ್ಟಿಯವನೋ ಕಲ್ಲು ಕ್ವಾರಿಯವನೋ ಆಗಿರುತ್ತಾನೆ. ಲೋಕ ಅದಾಲತ್ತಿನಲ್ಲಿ ಗಡಿಬಿಡಿ ಇರುತ್ತದೆ, ಎದುರು ವಕೀಲರು ಪೆನ್ನು ಚಾಚುತ್ತಾರೆ. ಅವನು ಹೆಬ್ಬೆಟ್ಟು ಒತ್ತುವ ಮೊದಲು ರಾಜಿಪತ್ರವನ್ನು ಅವನ ಮಾತಿನಲ್ಲಿ ಗಟ್ಟಿಯಾಗಿ ಓದಿ ಹೇಳಿ. ಅವನು ಯಾವ ಹಕ್ಕು ಬಿಟ್ಟುಕೊಡುತ್ತಿದ್ದಾನೆ ಎಂಬ ಸಾಲನ್ನು ಎರಡು ಸಲ ಓದಿ, ಅವನ ಹೆಂಡತಿಯೂ ಪಕ್ಕದಲ್ಲಿರುವಾಗ.