ತೋಟದ ಮದ್ದು, ಮಕ್ಕಳ ಮನಸ್ಸು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಮಳೆಗಾಲ ಪೂರ್ವ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೀಟನಾಶಕಕ್ಕೆ ನಮ್ಮ ಮಲೆನಾಡಿನಲ್ಲಿ 'ಮದ್ದು' ಎಂದು ಹೆಸರು. 'ಇವತ್ತು ತೋಟಕ್ಕೆ ಮದ್ದು ಹೊಡೆಯುವುದಿದೆ' ಎನ್ನುತ್ತೇವೆ. ಮದ್ದೆಂದರೆ ಕಾಯಿಲೆಯನ್ನು ಗುಣಪಡಿಸುವ ವಸ್ತು. ವಿಷವನ್ನು ಈ ಹೆಸರಿನಿಂದ ಕರೆದೊಡನೆ ಅದರ ಭಯ ಅರ್ಧ ಹೊರಟುಹೋಗುತ್ತದೆ. ಹಾಗೆ ಭಯ ಬಿಡಿಸಿದವರಲ್ಲಿ ನಾನೂ ಒಬ್ಬ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಡಿಕೆಯ ಬೇರುಹುಳುವಿಗೆ ಕ್ಲೋರ್‌ಪೈರಿಫಾಸ್ ಸುರಿಯಿರಿ ಎಂದು ಊರೂರು ತಿರುಗಿ ಹೇಳಿದವನು ನಾನು. ಲೀಟರ್ ನೀರಿಗೆ ಎಷ್ಟು ಮಿಲಿಲೀಟರ್ ಎಂಬುದನ್ನು ಖಚಿತವಾಗಿ ಹೇಳುತ್ತಿದ್ದೆ. ಕದಡುವ ಕೈ ಯಾರದು, ಬಾಲ್ದಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳುತ್ತಿರಲಿಲ್ಲ. ಒಂದು ಮನೆಯಲ್ಲಿ ಬಸುರಿ ಸೊಸೆ ಕೊಡಪಾನದಲ್ಲಿ ನೀರು ತಂದು ಸುರಿಯುತ್ತಿದ್ದಳು, ಆಕೆಯ ಗಂಡ ಕೋಲಿನಿಂದ ಕದಡುತ್ತಿದ್ದ. ನಾನು ಜಗಲಿಯಲ್ಲಿ ಕುಳಿತು ಕಷಾಯ ಕುಡಿಯುತ್ತಿದ್ದೆ. ಆ ಚಿತ್ರ ಇಂದಿಗೂ ನನ್ನನ್ನು ಕಾಡುತ್ತದೆ.

ಏಕೆ ಕಾಡುತ್ತದೆ ಎಂಬುದನ್ನು ಹೇಳಲು ಮಕ್ಕಳ ಒಂದು ತೊಂದರೆಯನ್ನು ಪ್ರಸ್ತಾಪಿಸಬೇಕು. ಗಮನ ಕೊರತೆ ಮತ್ತು ಅತಿಚಟುವಟಿಕೆಯ ಈ ತೊಂದರೆಯನ್ನು ವೈದ್ಯರು ಎಡಿಎಚ್‌ಡಿ ಎನ್ನುತ್ತಾರೆ. ಮಗು ಕುಳಿತಲ್ಲಿ ಕೂರದು, ಹಿಡಿದ ಕೆಲಸವನ್ನು ಮುಗಿಸದು, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳದು. ಎಲ್ಲ ತುಂಟತನವೂ ಎಡಿಎಚ್‌ಡಿ ಅಲ್ಲ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಯಾದರೂ ಇರಬೇಕು, ಕನಿಷ್ಠ ಆರು ತಿಂಗಳು ಮುಂದುವರಿದಿರಬೇಕು. ಈಚೆಗೆ ಶಿಕ್ಷಕರೊಬ್ಬರು ಹುಡುಗನೊಬ್ಬನನ್ನು ತೋರಿಸಿ, 'ಎಷ್ಟು ಹೊಡೆದರೂ ಇವನಿಗೆ ಬುದ್ಧಿ ಬರುವುದಿಲ್ಲ ಸಾರ್' ಎಂದರು. ಪೆಟ್ಟಿನಿಂದ ವಾಸಿಯಾಗುವ ತೊಂದರೆ ಇದಲ್ಲ.

ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಆದರೆ ಬೀಜ ಒಂದೇ ಆದರೂ ಮಣ್ಣು ನೀರು ಬೇರೆಯಾದರೆ ಬೆಳೆ ಬೇರೆಯಾಗುವುದನ್ನು ಕೃಷಿಕರಾದ ನಿಮಗೆ ನಾನು ವಿವರಿಸಬೇಕಾಗಿಲ್ಲ.

ನಮ್ಮಲ್ಲಿ ಬಿದ್ದ ಹಾಲುಹಲ್ಲನ್ನು ಹೆಂಚಿನ ಮಾಡಿನ ಮೇಲೆ ಎಸೆಯುವ ರೂಢಿ ಇದೆ. ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ ಅಂತಹ ಹಲ್ಲುಗಳನ್ನು ಸಂಗ್ರಹಿಸಿದರು. ಮ್ಯಾಸಚೂಸೆಟ್ಸ್‌ನ ಎರಡು ಪಟ್ಟಣಗಳ ಮಕ್ಕಳ ಹಲ್ಲಿನಲ್ಲಿದ್ದ ಸೀಸವನ್ನು ಅಳೆದು, ಆ ಮಕ್ಕಳ ಬಗ್ಗೆ ಶಿಕ್ಷಕರ ಅಭಿಪ್ರಾಯವನ್ನು ಪಡೆದರು. ಯಾರ ಹಲ್ಲಿನಲ್ಲಿ ಎಷ್ಟು ಸೀಸವಿದೆ ಎಂಬುದು ಶಿಕ್ಷಕರಿಗೆ ತಿಳಿದಿರಲಿಲ್ಲ. 1979ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೀಸ ಹೆಚ್ಚಿದಷ್ಟೂ ಗಮನ ಚದರುವ, ಸೂಚನೆ ಪಾಲಿಸಲಾಗದ ಮಕ್ಕಳ ಪ್ರಮಾಣವೂ ಹೆಚ್ಚಿತ್ತು. ಮೇಲ್ನೋಟಕ್ಕೆ ಅವರೆಲ್ಲ ಆರೋಗ್ಯವಂತ ಮಕ್ಕಳೇ ಆಗಿದ್ದರು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ, ಇಡೀ ಜಗತ್ತಿನಲ್ಲಿ ನಿಂತದ್ದು 2021ರಲ್ಲಿ. ಆದರೂ ಹಳೆಯ ಬಣ್ಣದ ಹಕ್ಕಳೆಗಳಲ್ಲಿ, ಬ್ಯಾಟರಿ ಒಡೆಯುವ ಜಾಗಗಳಲ್ಲಿ ಸೀಸ ಉಳಿದಿದೆ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಆತಂಕಕಾರಿ ಮಟ್ಟದ ಸೀಸವಿದೆಯೆಂದು ಯುನಿಸೆಫ್ 2020ರಲ್ಲಿ ಅಂದಾಜು ಮಾಡಿತು.

ಇನ್ನು ನಮ್ಮ ತೋಟದ ವಿಚಾರ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಫೋರೇಟ್ ಇವೆಲ್ಲ ಆರ್ಗನೋಫಾಸ್ಫೇಟ್ ಎಂಬ ಒಂದೇ ಕುಲದವು. ನರದಿಂದ ನರಕ್ಕೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಕೆಲಸ ಮುಗಿದೊಡನೆ ಒಂದು ಕಿಣ್ವ ಒಡೆಯುತ್ತದೆ. ಈ ವಿಷಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಹುಳು ಸಾಯುವುದು ಹೀಗೆ. ಹುಳುವಿನಲ್ಲಿರುವ ಈ ವ್ಯವಸ್ಥೆ ಮನುಷ್ಯನಲ್ಲೂ ಇದೆ. ವಿಷವನ್ನು ನಿರ್ವಿಷಗೊಳಿಸುವ ಶಕ್ತಿ ಶಿಶುಗಳಲ್ಲಿ ದೊಡ್ಡವರಿಗಿಂತ ಬಹಳ ಕಡಿಮೆ. ಮಿದುಳು ರೂಪುಗೊಳ್ಳುತ್ತಿರುವ ಕಾಲವೂ ಅದೇ.

ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ಕೃಷಿ ಕಾರ್ಮಿಕ ಕುಟುಂಬಗಳ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬಸುರಿನಲ್ಲಿ ತಾಯಿಯ ಮೂತ್ರದಲ್ಲಿ ಈ ಕೀಟನಾಶಕಗಳ ಅಂಶ ಹೆಚ್ಚಿದ್ದಂತೆಲ್ಲ, ಐದನೆಯ ವಯಸ್ಸಿನಲ್ಲಿ ಮಗುವಿನ ಗಮನದ ತೊಂದರೆಯೂ ಹೆಚ್ಚಿತ್ತು ಎಂದು 2010ರಲ್ಲಿ ವರದಿಯಾಯಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನವು ಅಮೆರಿಕದ 8ರಿಂದ 15 ವರ್ಷದ 1,139 ಸಾಮಾನ್ಯ ಮಕ್ಕಳನ್ನು ಪರಿಶೀಲಿಸಿತು. ಮೂತ್ರದಲ್ಲಿ ಈ ಕುಲದ ಕೆಲವು ಕೀಟನಾಶಕಗಳ ಅಂಶ ಹತ್ತು ಪಟ್ಟು ಹೆಚ್ಚಿದ್ದಲ್ಲಿ ಎಡಿಎಚ್‌ಡಿಯ ಸಂಭವ ಸುಮಾರು ಒಂದೂವರೆ ಪಟ್ಟಾಗಿತ್ತು.

ವಿಜ್ಞಾನಿಯಾಗಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇವು ಸಂಬಂಧವನ್ನು ತೋರಿಸುತ್ತವೆಯೇ ಹೊರತು, ಇಂಥ ಮಗುವಿಗೆ ಇಂಥ ವಿಷದಿಂದಲೇ ಹೀಗಾಯಿತು ಎಂದು ಸಾಬೀತುಪಡಿಸುವುದಿಲ್ಲ. ಎಲ್ಲ ಅಧ್ಯಯನಗಳ ಫಲಿತಾಂಶವೂ ಒಂದೇ ತೆರನಾಗಿಲ್ಲ. ಆ ಶಾಲೆಯ ಹುಡುಗನ ಚಾಂಚಲ್ಯಕ್ಕೆ ತೋಟದ ಮದ್ದೇ ಕಾರಣವೆಂದು ನಾನು ಹೇಳಲಾರೆ, ನೀವೂ ಹೇಳಬೇಡಿ. ತಾಯಂದಿರ ಮೇಲಂತೂ ತಪ್ಪು ಹೊರಿಸಬೇಡಿ. ಆದರೆ ಸಂಪೂರ್ಣ ಪುರಾವೆ ಬರುವವರೆಗೂ ಕಾಯೋಣ ಎನ್ನುವುದು ಮಕ್ಕಳ ಮೇಲೆಯೇ ಪ್ರಯೋಗ ನಡೆಸಿದಂತೆ. ಅಮೆರಿಕವು ಮನೆಯೊಳಗೆ ಕ್ಲೋರ್‌ಪೈರಿಫಾಸ್ ಬಳಕೆಯನ್ನು 2000ದಿಂದಲೇ ನಿಲ್ಲಿಸುತ್ತ ಬಂತು. ಫೋರೇಟ್ ನಮ್ಮ ದೇಶದಲ್ಲಿ 2020ರ ಅಂತ್ಯಕ್ಕೆ ನಿಷೇಧವಾಯಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು, ಕೆಲವು ಬಳಕೆಗಳಿಗೆ ವಿನಾಯಿತಿ ಉಳಿಸಿ, ಕ್ಲೋರ್‌ಪೈರಿಫಾಸನ್ನು ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ನಾನು ಯಾವುದನ್ನು ಸುರಿಯಿರಿ ಎಂದಿದ್ದೆನೋ ಅದೇ ವಸ್ತು ಇದು.

ನಿರಾಶರಾಗಬೇಕಿಲ್ಲ. 2006ರಲ್ಲಿ ಪ್ರಕಟವಾದ ಸಿಯಾಟಲ್ ಪ್ರದೇಶದ ಅಧ್ಯಯನವೊಂದರಲ್ಲಿ 23 ಮಕ್ಕಳಿಗೆ ಐದು ದಿನ ಸಾವಯವ ಆಹಾರ ಕೊಟ್ಟಾಗ, ಮೂತ್ರದಲ್ಲಿ ಮೆಲಾಥಿಯಾನ್ ಮತ್ತು ಕ್ಲೋರ್‌ಪೈರಿಫಾಸ್‌ನ ಅಂಶ ಗುರುತಿಸಲಾಗದಷ್ಟು ಇಳಿಯಿತು. ಒಳಬರುವುದು ನಿಂತರೆ ಈ ವಿಷಗಳು ಬೇಗ ಹೊರಹೋಗುತ್ತವೆ.

ಆದ್ದರಿಂದ ಈ ಮಳೆಗಾಲದಿಂದಲೇ ಕೆಲವು ಕಟ್ಟುಪಾಡುಗಳನ್ನು ಮಾಡಿಕೊಳ್ಳೋಣ. ಬಸುರಿಯರು, ಬಾಣಂತಿಯರು, ಮಕ್ಕಳು ಮದ್ದು ಕದಡುವ, ಹೊಡೆಯುವ ಜಾಗಕ್ಕೆ ಬರಕೂಡದು. ಖಾಲಿ ಕ್ಯಾನಿನಲ್ಲಿ ನೀರು, ಎಣ್ಣೆ ತುಂಬಕೂಡದು. ಹೊಡೆದವರ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು. ಅಬ್ಬಿ ನೀರಿನ ಮೂಲದ ಮೇಲ್ಭಾಗದಲ್ಲಿ ಶುಂಠಿಗೆ ಜಮೀನು ಗೇಣಿ ಕೊಡುವ ಮೊದಲು ಕೆಳಗಿನ ಮನೆಗಳನ್ನು ಕೇಳಬೇಕು. ಶುಂಠಿ ಗದ್ದೆಯ ಶೆಡ್ಡುಗಳಲ್ಲಿ ವಾಸಿಸುವ ಕೂಲಿಕಾರರ ಮಕ್ಕಳೂ ನಮ್ಮ ಮಕ್ಕಳೇ ಎಂಬುದನ್ನು ಮರೆಯಬಾರದು. ಬೇರುಹುಳುವಿಗಾದರೆ, ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆಯಲ್ಲಿ ಮಣ್ಣಿನಿಂದೆದ್ದು ಬರುವ ದುಂಬಿಗಳನ್ನು ಹಿಡಿದು ನಾಶಮಾಡಿ, ತೋಟದ ಬಸಿಗಾಲುವೆಗಳನ್ನು ಸರಿಪಡಿಸಿ. ಇದು ಒಬ್ಬರ ತೋಟದಲ್ಲಿ ನಡೆದರೆ ಸಾಲದು, ಕೇರಿಯವರೆಲ್ಲ ಒಟ್ಟಾಗಿ ಮಾಡಬೇಕು. ವಿದ್ಯಾರ್ಥಿಗಳು ಸಂಜೆಯ ಒಂದು ಗಂಟೆಯನ್ನು ಇದಕ್ಕೆ ಕೊಡಬಲ್ಲರು.

ಮಗುವಿನ ಚಾಂಚಲ್ಯ ಮಿತಿಮೀರಿದೆ ಎನಿಸಿದರೆ ಬೆತ್ತವನ್ನು ಬದಿಗಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಿರಿ.

ಅಂದು ನೀರು ಹೊತ್ತು ತಂದ ಆ ತಾಯಿಯ ಮಗು ಈಗ ಬೆಳೆದು ದೊಡ್ಡದಾಗಿರಬೇಕು. ಹೇಗಿದೆಯೋ ತಿಳಿಯದು, ಕೇಳುವ ಧೈರ್ಯವೂ ನನಗೆ ಬಂದಿಲ್ಲ. ಇನ್ನು ಮುಂದೆ ನಿಮ್ಮೂರಿಗೆ ಯಾವ ಅಧಿಕಾರಿ, ಯಾವ ಅಂಗಡಿಯವ, ಯಾವ ವಿಜ್ಞಾನಿ ಬಂದು ಮದ್ದಿನ ಪ್ರಮಾಣ ಹೇಳಿದರೂ, ನಾನು ಅಂದು ಕೇಳದ ಪ್ರಶ್ನೆಯನ್ನು ನೀವು ಕೇಳಿ: ಕದಡುವವರು ಯಾರು, ತೊಳೆದ ನೀರು ಎಲ್ಲಿಗೆ? ಉತ್ತರ ಸಿಗುವವರೆಗೆ ಮುಚ್ಚಳ ತೆರೆಯಬೇಡಿ.