ಲಾಂಗ್‌ಚ್ವಾನ್‌ನ ಹಸಿರು ಮೆರುಗು

ಚೀನಾದ ಝೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚ್ವಾನ್ ಪಾತ್ರೆಗಳ ಗ್ಲೇಜಿನ ಹಸಿರಿಗೆ ಮೂಲ ಕಬ್ಬಿಣ. ಗ್ಲೇಜ್ ಎಂದರೆ ಮಣ್ಣಿನ ಮೈಗೆ ಹತ್ತಿದ ತೆಳು ಗಾಜು. ಬೆಣಚುಕಲ್ಲಿನ ಪುಡಿ ಕರಗಿ ಗಾಜಾಗುತ್ತದೆ. ಸುಣ್ಣ, ಬೂದಿ ಅದನ್ನು ಕಡಿಮೆ ಶಾಖದಲ್ಲೇ ಕರಗಿಸುತ್ತವೆ. ಜೇಡಿಮಣ್ಣು ಅದು ಹರಿದಿಳಿಯದಂತೆ ಹಿಡಿದಿಡುತ್ತದೆ. ಇವನ್ನು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಸೋಸಬೇಕು. ಆಗಾಗ ಕಲಕದಿದ್ದರೆ ಪುಡಿ ತಳಕ್ಕೆ ಕೂರುತ್ತದೆ.

ದಕ್ಷಿಣ ಸಾಂಗ್ ಕಾಲದ (1127–1279) ಕುಂಬಾರರು ಉತ್ತಮ ಪಾತ್ರೆಗಳಿಗೆ ಹಲವು ಲೇಪ ಕೊಡುತ್ತಿದ್ದರು, ಒಂದು ಆರಿದ ಮೇಲೆ ಇನ್ನೊಂದು. ಅವಸರಕ್ಕೆ ಇಲ್ಲಿ ಜಾಗವಿಲ್ಲ: ಒಮ್ಮೆಲೇ ದಪ್ಪಗೆ ಬಳಿದ ಲೇಪ ಒಣಗುವಾಗ ಬಿರಿದು, ಬೆಂಕಿಯಲ್ಲಿ ಮುದುಡಿ, ಮಣ್ಣನ್ನು ಬರಿದಾಗಿಸುತ್ತದೆ. ದಪ್ಪ ಗ್ಲೇಜಿನೊಳಗಿನ ಸಣ್ಣ ಗುಳ್ಳೆಗಳು ಬೆಳಕನ್ನು ಚದುರಿಸುವುದರಿಂದ ಜೇಡ್ ಕಲ್ಲಿನಂಥ ಮಂದ ಹೊಳಪು ಬರುತ್ತದೆ.

ಬಣ್ಣ ತೀರ್ಮಾನವಾಗುವುದು ಆವಿಗೆಯಲ್ಲಿ. ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಳಿ ತಗ್ಗಿಸಿದರೆ ಶೇ 1–2ರಷ್ಟು ಕಬ್ಬಿಣದ ಆಕ್ಸೈಡ್ ಸಾಕು, ಹಸಿರು ಮೂಡುತ್ತದೆ. ಗಾಳಿ ಧಾರಾಳವಾದರೆ ಅದೇ ಗ್ಲೇಜ್ ಹಳದಿಗೆ ತಿರುಗುತ್ತದೆ. ಅಳತೆ, ತೂಕ ಎಷ್ಟೇ ಸರಿಯಿದ್ದರೂ ಬೆಂಕಿ ಕಾಯುವವನ ಕಣ್ಣೇ ಮುಖ್ಯ. ಇನ್ನು, ಪಾತ್ರೆಯ ತಳದಂಚಿನ ಗ್ಲೇಜನ್ನು ಒರೆಸಿ ತೆಗೆಯದಿದ್ದರೆ ಅದು ಕೆಳಗಿನ ಆಸರೆಗೆ ಕರಗಿ ಅಂಟುತ್ತದೆ. 2009ರಲ್ಲಿ ಯುನೆಸ್ಕೊ ಲಾಂಗ್‌ಚ್ವಾನ್ ಪಾತ್ರೆ ಸುಡುವ ಈ ವಿದ್ಯೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.